ಮೂಗಿನ ಮಟ್ಟ

ಬೈಕಿನ ಮುಂದಿನ ಗ್ಲಾಸು ಇರುವುದು ಅದರೊಳಗಿಂದ ನೋಡಲಿಕ್ಕೆ ಅಂತ ಬಹಳ ಜನ ತಿಳಿದಿದ್ದಾರೆ. ಅದು ಕಾರಿನ ರೂಢಿ. ಬೈಕಿನಲ್ಲಿ ದೂರದ ದಾರಿಯನ್ನು ಗ್ಲಾಸಿನ ಮೇಲಿಂದ ನೋಡಬೇಕು. ಎದೆಗೆ ಬಡಿಯುವ ಗಾಳಿಯನ್ನು ತಡೆದು, ಕಣ್ಣಿಗೆ ಅಡ್ಡ ಬರದೆ ಇದ್ದರೆ ಅದರ ಕೆಲಸ ಮುಗಿಯಿತು. ಕಲಬುರಗಿಯಲ್ಲಿ ಇದು ಇನ್ನಷ್ಟು ನಿಜ. ತೊಗರಿ ರಾಶಿಯ ಹೊಟ್ಟು, ಶಹಾಬಾದ ಕಡೆಯ ಲಾರಿಗಳ ಕಲ್ಲಿನ ಪುಡಿ, ಮಳೆಗಾಲದ ಸಂಜೆಯ ಹುಳ, ಎಲ್ಲ ಬಂದು ಕೂರುವುದು ಆ ಗ್ಲಾಸಿನ ಮೇಲೆ. ಅದಕ್ಕೆ ಬಿಸಿಲು ತಾಗಿತೆಂದರೆ ಇಡೀ ಹಾಳೆ ಮಜ್ಜಿಗೆ. ಬೆಳಿಗ್ಗೆ ಸೇಡಂ ಕಡೆ, ಸಂಜೆ ಆಳಂದ ಕಡೆ ಹೊರಟವರಿಗಂತೂ ಸೂರ್ಯ ಎದುರಿಗೇ.

ಹೊಸದಾಗಿ ತಂದ ಎತ್ತರದ ಗ್ಲಾಸಿನ ಮೇಲಂಚು ಸರಿಯಾಗಿ ಕಣ್ಣಿಗೇ ಗೆರೆ ಎಳೆದರೆ ಅಂಗಡಿಯವರನ್ನು ಬಯ್ಯುವಂತಿಲ್ಲ. ಐದಡಿಯವರಿಗೂ ಆರಡಿಯವರಿಗೂ ಒಂದೇ ಅಚ್ಚು. ಕೊಯ್ದು ಸರಿಮಾಡಿಕೊಳ್ಳಬೇಕಾದವರು ನಾವೇ. ಅಂಚು ಮೂಗಿನ ಮಟ್ಟಕ್ಕೆ ಬಂದರೆ ಸಾಕು.

ಅಳತೆಗೆ ಇಬ್ಬರು ಬೇಕು. ದಿನಾ ಹಾಕುವ ಹೆಲ್ಮೆಟ್ಟು, ದಿನಾ ಹಾಕುವ ಬೂಟಿನಲ್ಲೇ ಗಾಡಿಯ ಮೇಲೆ ಕೂರಬೇಕು. ಗಾಡಿ ಸ್ಟ್ಯಾಂಡಿನ ಮೇಲಲ್ಲ, ನೆಟ್ಟಗೆ ಚಕ್ರದ ಮೇಲೆ ನಿಂತಿರಬೇಕು, ಯಾಕೆಂದರೆ ಕೂತಾಗ ಸೀಟೂ ಶಾಕ್ ಅಬ್ಸಾರ್ಬರೂ ಕುಸಿಯುತ್ತವೆ. ಇನ್ನೊಬ್ಬರು ಗ್ಲಾಸಿಗೆ ಮಾಸ್ಕಿಂಗ್ ಟೇಪು ಅಂಟಿಸಿ, ಹೊಸ ಅಂಚು ಎಲ್ಲಿ ಬಂದರೆ ಹತ್ತಿಪ್ಪತ್ತು ಮೀಟರ್ ಮುಂದಿನ ರಸ್ತೆ ಅದರ ಮೇಲಿಂದ ಕಾಣುತ್ತದೆ ಎಂದು ಗುರುತು ಹಾಕಬೇಕು. ಇಲ್ಲೊಂದು ಲೆಕ್ಕ ತಪ್ಪುತ್ತದೆ. ಗ್ಲಾಸು ಓರೆಯಾಗಿ ನಿಂತಿದೆ. 45 ಡಿಗ್ರಿ ಓರೆಯಿದ್ದರೆ ಹಾಳೆಯ ಮೇಲೆ 3 ಸೆಂ.ಮೀ. ಕೊಯ್ದಾಗ ಎತ್ತರ ಇಳಿಯುವುದು ಸುಮಾರು 2 ಸೆಂ.ಮೀ. ಮಾತ್ರ, ಜೊತೆಗೆ ಅಂಚು ಅಷ್ಟೇ ಮುಂದಕ್ಕೂ ಸರಿಯುತ್ತದೆ. ಹೀಗಾಗಿ ಮೊದಲ ಸಲ ಗುರುತಿಗಿಂತ ಒಂದು ಸೆಂ.ಮೀ. ಮೇಲೆಯೇ ಕೊಯ್ದು ಓಡಿಸಿ ನೋಡುವುದು ಒಳ್ಳೆಯದು. ಅಂಚು ದಾಟಿ ಬಂದ ಗಾಳಿ ಹೆಲ್ಮೆಟ್ಟಿಗೆ ಎಲ್ಲಿ ಬಡಿಯುತ್ತದೆ ಎಂಬುದು ಒಂದೆರಡು ಸೆಂ.ಮೀ. ವ್ಯತ್ಯಾಸದಲ್ಲಿ ಬದಲಾಗುತ್ತದೆ. ತಲೆ ಗಡಗಡ ಅಲುಗುತ್ತಿದ್ದರೆ ಇನ್ನಷ್ಟು ಇಳಿಸಬಹುದು. ಕೊಯ್ದದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ.

ಗೆರೆ ಎಳೆಯಲು ಹಳೆಯ ಪೇಪರನ್ನು ನಡುವೆ ಮಡಚಿ ಅರ್ಧ ಆಕಾರ ಮಾತ್ರ ಕತ್ತರಿಸಿದರೆ ಎರಡೂ ಬದಿ ತಾನಾಗಿ ಸಮ ಬರುತ್ತದೆ. ಅಳೆಯುವುದು ಅಂಚಿನಿಂದಲ್ಲ, ಸ್ಕ್ರೂ ತೂತುಗಳಿಂದ. ಹಳೆಯ ಮೇಲಂಚಿನ ಬಾಗನ್ನೇ ಕೆಳಗಿಳಿಸಿದರೆ ಎರಡು ತುದಿ ಬದಿಯ ಅಂಚಿಗೆ ಮುಟ್ಟುವುದಿಲ್ಲ, ಯಾಕೆಂದರೆ ಗ್ಲಾಸು ಕೆಳಗೆ ಅಗಲ. ಮೂಲೆಯ ದುಂಡಿಗೆ ಚಹಾ ಬಸಿ ಇಟ್ಟು ಗೀಚಬೇಕು. ಚೂಪು ಮೂಲೆ ಬಿಟ್ಟರೆ ಬಿರುಕು ಅಲ್ಲಿಂದಲೇ ಶುರು.

ಇಷ್ಟಾಗುವ ಹೊತ್ತಿಗೆ ಓಣಿಯವರೊಬ್ಬರು ಬಂದು ನಿಂತಿರುತ್ತಾರೆ. ‘ಏನ್ರೀ, ಹೊಸಾ ಗ್ಲಾಸ್ ಕಡ್ಯಾಕತ್ತೀರಿ? ಗ್ರೈಂಡರ್ ತರ್ಲೇನು?’ ಬೇಡ ಅನ್ನಬೇಕು. ಗ್ರೈಂಡರಿನ ವೇಗಕ್ಕೆ ಪ್ಲಾಸ್ಟಿಕ್ಕು ಕೊಯ್ಯುವುದಿಲ್ಲ, ಕರಗುತ್ತದೆ. ಚಕ್ರ ದಾಟಿದ ಮೇಲೆ ಹಿಂದೆಯೇ ಮತ್ತೆ ಅಂಟಿಕೊಳ್ಳುತ್ತದೆ. ಕೈಗರಗಸವೇ ಸಾಕು, ಇಂಚಿಗೆ 24 ಅಥವಾ 32 ಹಲ್ಲಿನ ಆಕ್ಸಾ ಬ್ಲೇಡು. ಜಿಗ್‌ಸಾ ಇದ್ದರೆ ಕಬ್ಬಿಣ ಕೊಯ್ಯುವ ಸಣ್ಣ ಹಲ್ಲಿನ ಬ್ಲೇಡು ಹಾಕಿ ನಿಧಾನ ವೇಗದಲ್ಲಿ. ಗೆರೆಯ ಎರಡೂ ಮುಖಕ್ಕೆ ಟೇಪು, ಕೆಳಗೆ ಪಟ್ಟಿಯ ಆಸರೆ. ಹಾಳೆ ಅದುರಿದರೆ ಅಂಚು ಚಕ್ಕೆ ಏಳುತ್ತದೆ. ಗೆರೆಗಿಂತ 2 ಮಿ.ಮೀ. ಹೊರಗೆ ಕೊಯ್ದು ಉಳಿದದ್ದನ್ನು ಅರದಿಂದ ಇಳಿಸುವುದು. ಇದೆಲ್ಲ ಬೆಳಿಗ್ಗೆಯ ಕೆಲಸ. ಮೇ ತಿಂಗಳ 42 ಡಿಗ್ರಿಯಲ್ಲಿ ಹಾಳೆ ಮೊದಲೇ ಕಾದಿರುತ್ತದೆ, ಟೇಪಿನ ಅಂಟೂ ಗ್ಲಾಸಿಗೇ ಉಳಿಯುತ್ತದೆ. ಉಳಿದರೆ ಎರಡು ಹನಿ ಕುಸುಬಿ ಎಣ್ಣೆ, ಆಮೇಲೆ ಸೋಪು ನೀರು. ಥಿನ್ನರ್ ಬೇಡವೇ ಬೇಡ.

ಅಂಚು ಹೊಳೆಯಿಸುವ ವಿದ್ಯೆಯನ್ನು ಈ ಭಾಗದವರಿಗೆ ಕಲಿಸಬೇಕಿಲ್ಲ. ಶಹಾಬಾದ ಕಲ್ಲಿಗೆ ಪಾಲಿಶ್ ಕೊಡುವ ಕ್ರಮವೇ ಇದು, ಒರಟಿನಿಂದ ನಯಕ್ಕೆ. 120, 220, 400, ನೀರು ಹಾಕಿ 600, 1000 ನಂಬರಿನ ವಾಟರ್ ಪೇಪರ್, ಕೊನೆಗೆ ರಬ್ಬಿಂಗ್ ಕಾಂಪೌಂಡ್. ನಡುವೆ ಒಂದು ನಂಬರ್ ಹಾರಿಸಿದರೆ ಹಿಂದಿನದರ ಗೀರು ಕೊನೆಯವರೆಗೂ ಉಳಿಯುತ್ತದೆ.

ಈಗ ಬಣ್ಣದ ಮಾತು. ಗ್ಲಾಸಿಗೆ ಹೊಗೆಬಣ್ಣ ಕೊಡಬೇಕೆಂದಿದ್ದರೆ ಕೊಯ್ದ ಮೇಲೆಯೇ ಕೊಡಬೇಕು, ಅದಕ್ಕೆ ಕಾರಣ ಕೈಯಲ್ಲಿ ಉಳಿದ ಆ ಚೂರು. ಅದಕ್ಕಿಂತ ಒಳ್ಳೆಯ ಪರೀಕ್ಷೆಯ ತುಂಡು ಬೇರೆಲ್ಲೂ ಸಿಗದು. ಮೊದಲು ಅದು ಯಾವ ಜಾತಿಯ ಪ್ಲಾಸ್ಟಿಕ್ಕು ಅಂತ ತಿಳಿಯಬೇಕು. ಬಗ್ಗಿಸಿದಾಗ ಪಟಕ್ಕನೆ ಮುರಿದರೆ ಅಕ್ರಿಲಿಕ್, ಮಡಚಿಕೊಂಡರೂ ಮುರಿಯದಿದ್ದರೆ ಪಾಲಿಕಾರ್ಬೊನೇಟ್. ಆ ಪಾಲಿಕಾರ್ಬೊನೇಟಿಗೆ ಗೀರು ಬೇಗ ಬೀಳುತ್ತದೆಂದು ಎಷ್ಟೋ ಕಂಪನಿಗಳು ಮೇಲೆ ಗಟ್ಟಿ ಲೇಪ ಕೊಟ್ಟಿರುತ್ತವೆ.

ಪಾಲಿಯೆಸ್ಟರ್ ಬಟ್ಟೆಯ ಬಣ್ಣವನ್ನು ಕುದಿಯ ಹತ್ತಿರದ ನೀರಿನಲ್ಲಿ ಕದಡಿ ಗ್ಲಾಸು ಮುಳುಗಿಸುವ ಪದ್ಧತಿ ಇದೆ. ಹತ್ತಿ ಬಟ್ಟೆಯ ಬಣ್ಣ ಇದಕ್ಕೆ ಹತ್ತುವುದಿಲ್ಲ. ಬರಿಯ ಪಾಲಿಕಾರ್ಬೊನೇಟು ಆ ಬಿಸಿ ತಾಳಿಕೊಂಡು ನಿಧಾನ ಬಣ್ಣ ಕುಡಿಯುತ್ತದೆ. ಗಟ್ಟಿ ಲೇಪ ಇದ್ದರೆ ಕುಡಿಯುವುದಿಲ್ಲ. ಬೀದರಿನ ಬಿದ್ರಿ ಕೆಲಸ ಕಂಡವರಿಗೆ ಇದು ಹೊಸದೇನಲ್ಲ: ಕೋಟೆಯ ಮಣ್ಣು, ನವಸಾಗರದ ನೀರಿಗೆ ಸತುವು-ತಾಮ್ರದ ಲೋಹ ಕರ್ರಗಾಗುತ್ತದೆ, ಅದರಲ್ಲಿ ಕೂರಿಸಿದ ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಅಕ್ರಿಲಿಕ್ಕಿನ ತೊಂದರೆ ಬೇರೆ. ಕಾಯಿಸಿ ಬಗ್ಗಿಸಿದ ಆ ಹಾಳೆ ತಾನು ಮೊದಲು ಚಪ್ಪಟೆ ಇದ್ದದ್ದನ್ನು ಮರೆತಿರುವುದಿಲ್ಲ. ಬಿಸಿನೀರು ತಾಗಿದರೆ ಬಾಗು ಬಿಚ್ಚಿಕೊಳ್ಳತೊಡಗುತ್ತದೆ, ಆಮೇಲೆ ಸ್ಕ್ರೂ ತೂತು ಕೂಡುವುದಿಲ್ಲ. ಬಣ್ಣ ಕದಡಿದ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗಬಾರದು ಅನ್ನುವುದನ್ನು ಮನೆಯವರೇ ಹೇಳುತ್ತಾರೆ.

ಸ್ಪ್ರೇ ಬಣ್ಣ ಸುಲಭ. 20-25 ಸೆಂ.ಮೀ. ದೂರದಿಂದ ತೆಳ್ಳಗೆ ಮೂರು ನಾಲ್ಕು ಸಲ, ನಡುವೆ ಹತ್ತು ಹದಿನೈದು ನಿಮಿಷ ಬಿಡುವು. ಆದರೆ ಅದರ ದ್ರಾವಕ ಅಕ್ರಿಲಿಕ್ಕಿನೊಳಗೆ ಜೇಡರ ಬಲೆಯಂಥ ಸೀಳು ಎಬ್ಬಿಸಬಹುದು, ಆದ್ದರಿಂದ ಚೂರಿಗೆ ಹೊಡೆದು ಒಂದು ರಾತ್ರಿ ಬಿಟ್ಟು ನೋಡಬೇಕು. ಮೂರನೆಯದು ಫಿಲ್ಮು, ಅಂದರೆ ಮೇಲೆ ಅಂಟಿಸುವ ಬಣ್ಣದ ತೆಳು ಹಾಳೆ. ಅದು ಎರಡು ಕಡೆಗೂ ಬಾಗಿದ ಗ್ಲಾಸಿನ ಮೇಲೆ ನೆರಿಗೆ ಬೀಳುತ್ತದೆ. ಸೋಪು ನೀರು ಚಿಮುಕಿಸಿ, ಹೇರ್ ಡ್ರೈಯರಿನ ಬಿಸಿ ಕೊಟ್ಟು ಎಳೆಯುತ್ತ ಕೂರಿಸಬೇಕು. ಬೇಸತ್ತರೆ ಕಿತ್ತು ಬಿಸಾಡಬಹುದು ಎಂಬುದೊಂದೇ ಕಾರಣಕ್ಕೆ ಮೂರರಲ್ಲಿ ಅದೇ ಮೇಲು.

ಎಷ್ಟು ಕಪ್ಪು? ಕಾರಿನ ಗಾಜಿಗೆ ಕಪ್ಪು ಫಿಲ್ಮನ್ನು ಸುಪ್ರೀಂ ಕೋರ್ಟು 2012ರಲ್ಲಿ ನಿಲ್ಲಿಸಿತ್ತು. ಬೈಕಿನಲ್ಲಿ ಅಂಚು ಮೂಗಿನ ಮಟ್ಟಕ್ಕೆ ಇಳಿದಿದ್ದರೆ ಸೂರ್ಯನನ್ನು ತಡೆಯುವುದು ಹೆಲ್ಮೆಟ್ಟಿನ ಗಾಜು, ಈ ಗ್ಲಾಸಲ್ಲ. ಆದರೆ ಚಕ್ರದ ಹತ್ತಿರದ ಗುಂಡಿ ಕಾಣುವುದು ಈಗಲೂ ಇದರೊಳಗಿಂದಲೇ. ದಟ್ಟ ಬಣ್ಣ ಬಳಿದು ರಾತ್ರಿ ಹುಮನಾಬಾದ ರಸ್ತೆಗೆ ಹೊರಟರೆ ಗುಂಡಿ ಮೊದಲು ತಿಳಿಯುವುದು ಸೊಂಟಕ್ಕೆ. ತೆಳು ಹೊಗೆಬಣ್ಣ, ಅದೂ ಕೆಳಗಿನ ಮೂರನೇ ಒಂದು ಭಾಗಕ್ಕೆ, ಚಂದಕ್ಕೆ ಸಾಕು.

ಮತ್ತೆ ಕೂರಿಸುವಾಗ ಸ್ಕ್ರೂವಿನ ಕೆಳಗೆ ರಬ್ಬರ್ ವಾಷರ್ ಇರಲೇಬೇಕು. 40 ಸೆಂ.ಮೀ. ಅಗಲದ ಅಕ್ರಿಲಿಕ್ಕು ಚಳಿಗಾಲದ ನಸುಕಿಗೂ ಮೇ ತಿಂಗಳ ಬಿಸಿಲಿಗೂ ನಡುವಿನ 40 ಡಿಗ್ರಿ ವ್ಯತ್ಯಾಸದಲ್ಲಿ ಒಂದು ಮಿ.ಮೀ.ಗಿಂತ ತುಸು ಹೆಚ್ಚೇ ಹಿಗ್ಗುತ್ತದೆ. ತೂತು ಸ್ಕ್ರೂಗಿಂತ ಒಂದೂವರೆ ಮಿ.ಮೀ. ದೊಡ್ಡದಿರಬೇಕು. ಬೆರಳಲ್ಲಿ ತಿರುಗಿಸಿ, ಕೊನೆಗೆ ಪಾನಾದಿಂದ ಕಾಲು ಸುತ್ತು. ಸ್ಕ್ರೂ ಸಡಿಲಾಗದಿರಲಿ ಅಂತ ಹಾಕುವ ಲಾಕಿಂಗ್ ದ್ರವ ಪಾಲಿಕಾರ್ಬೊನೇಟನ್ನು ಸೀಳುತ್ತದೆ. ಗ್ಯಾರೇಜಿನ ಹುಡುಗ ಪೆಟ್ರೋಲ್ ಬಟ್ಟೆ ಹಿಡಿದು ಪ್ರೀತಿಯಿಂದ ಒರೆಸಲು ಬಂದರೆ, ‘ತಮ್ಮಾ, ಬರೇ ನೀರ್ ಹಾಕು’ ಅನ್ನಬೇಕು.