ಹೈಡ್ ಪಾರ್ಕಿನ ಗಾಲಿಕುರ್ಚಿ, ಮುದ್ದೇನಹಳ್ಳಿಯ ಪದಕಗಳು

ನ್ಯೂಜೆರ್ಸಿಯಲ್ಲಿ ನೆಲೆಸಿರುವ ನಾವು ಊರಿನಿಂದ ಬಂದ ಹಿರಿಯರನ್ನು ನಯಾಗರ ಜಲಪಾತಕ್ಕೂ ಒಂದೆರಡು ದೇವಸ್ಥಾನಗಳಿಗೂ ತಪ್ಪದೆ ಕರೆದೊಯ್ಯುತ್ತೇವೆ. ನ್ಯೂಯಾರ್ಕ್ ನಗರದ ಉತ್ತರಕ್ಕೆ, ಹಡ್ಸನ್ ನದಿಯ ದಂಡೆಯ ಮೇಲಿರುವ ಹೈಡ್ ಪಾರ್ಕ್ ಮಾತ್ರ ಆ ಪಟ್ಟಿಯಲ್ಲಿ ಅಪರೂಪ. ಅಧ್ಯಕ್ಷ ಫ್ರಾಂಕ್ಲಿನ್ ರೂಸ್ವೆಲ್ಟ್ 1882ರಲ್ಲಿ ಹುಟ್ಟಿದ್ದು ಅಲ್ಲಿನ ಸ್ಪ್ರಿಂಗ್‌ವುಡ್ ಎಂಬ ಮನೆಯಲ್ಲಿ. 1945ರಲ್ಲಿ ಅವರನ್ನು ಮಣ್ಣು ಮಾಡಿದ್ದು ಅದೇ ಮನೆಯ ಗುಲಾಬಿ ತೋಟದಲ್ಲಿ. ಬದುಕಿರುವಾಗಲೇ ಅವರು ಮನೆಯನ್ನು ಸರ್ಕಾರಕ್ಕೆ ಬರೆದುಕೊಟ್ಟಿದ್ದರಿಂದ, ಅವರು ತೀರಿಕೊಂಡು ವರ್ಷ ತುಂಬಿದ ದಿನವೇ, ಅಂದರೆ 1946ರ ಏಪ್ರಿಲ್ 12ರಂದು, ಅದು ಸಾರ್ವಜನಿಕರಿಗೆ ತೆರೆಯಿತು.

ಶ್ರೀಮಂತರ ಮನೆಗಳಲ್ಲಿ ಕಾಣುವ ಪಿಂಗಾಣಿ, ಪುಸ್ತಕದ ಕಪಾಟು, ಹಿರಿಯರ ತೈಲಚಿತ್ರಗಳು ಇಲ್ಲೂ ಇವೆ. ಅವುಗಳ ಮುಂದೆ ನಾನು ಹೆಚ್ಚು ಹೊತ್ತು ನಿಲ್ಲಲಿಲ್ಲ. ನನ್ನನ್ನು ತಡೆದು ನಿಲ್ಲಿಸಿದ್ದು ಪೆಟ್ಟಿಗೆಗಳನ್ನು ಮಹಡಿಗೆ ಸಾಗಿಸಲೆಂದು ಮಾಡಿಸಿದ್ದ ಒಂದು ಇಕ್ಕಟ್ಟಾದ ಲಿಫ್ಟ್. 1921ರಲ್ಲಿ, 39ನೇ ವಯಸ್ಸಿನಲ್ಲಿ ಪೋಲಿಯೊ ತಗುಲಿ ಕಾಲುಗಳ ಶಕ್ತಿ ಕಳೆದುಕೊಂಡ ರೂಸ್ವೆಲ್ಟ್ ಅದರೊಳಗೆ ಕುಳಿತು, ಹಗ್ಗವನ್ನು ತಮ್ಮ ಕೈಗಳಿಂದಲೇ ಎಳೆದುಕೊಂಡು ಮಹಡಿಗೆ ಹೋಗುತ್ತಿದ್ದರು. ಸಾಧಾರಣ ಕುರ್ಚಿಗೆ ಗಾಲಿ ಹಾಕಿಸಿದಂತಿರುವ ಅವರ ಗಾಲಿಕುರ್ಚಿಯೂ ಅಲ್ಲಿದೆ. ಅಧ್ಯಕ್ಷರಾಗಿದ್ದಷ್ಟು ಕಾಲವೂ ಅವರು ಈ ಕುರ್ಚಿಯನ್ನು ಜನರ ಕಣ್ಣಿನಿಂದ ಆದಷ್ಟು ದೂರವೇ ಇಟ್ಟಿದ್ದರು, ಪತ್ರಿಕೆಗಳೂ ಬಹುಮಟ್ಟಿಗೆ ಅದಕ್ಕೆ ಸಹಕರಿಸಿದ್ದವು. ಯಜಮಾನರು ಮುಚ್ಚಿಟ್ಟದ್ದನ್ನು ಮನೆ ಇಂದು ಸಂಕೋಚವಿಲ್ಲದೆ ತೋರಿಸುತ್ತದೆ, ಆದರೂ ಅವರ ಘನತೆಗೆ ಎಳ್ಳಷ್ಟೂ ಕುಂದು ಬಂದಂತೆ ಕಾಣುವುದಿಲ್ಲ.

ಮನೆಯ ಪಕ್ಕದಲ್ಲೇ ರೂಸ್ವೆಲ್ಟ್ ಖಾಸಗಿ ದೇಣಿಗೆಯಿಂದ ಕಟ್ಟಿಸಿ, ದೇಶಕ್ಕೆ ಒಪ್ಪಿಸಿ, 1941ರಲ್ಲಿ ಉದ್ಘಾಟಿಸಿದ ಗ್ರಂಥಾಲಯ ಮತ್ತು ವಸ್ತುಸಂಗ್ರಹಾಲಯವಿದೆ. ಅಧಿಕಾರ ಬಿಟ್ಟ ಮೇಲೆ ಕಾಗದಪತ್ರಗಳನ್ನು ಅಧ್ಯಕ್ಷರು ತಮ್ಮ ಸ್ವಂತದ್ದೆಂದು ಮನೆಗೆ ಒಯ್ಯುತ್ತಿದ್ದ ಕಾಲದಲ್ಲಿ ಅವುಗಳನ್ನು ರಾಷ್ಟ್ರೀಯ ಪತ್ರಾಗಾರದ ವಶಕ್ಕೆ ಕೊಡುವ ಪದ್ಧತಿಗೆ ನಾಂದಿ ಹಾಡಿದವರು ಅವರೇ. ಆ ಕಾಗದಗಳಲ್ಲಿ ಹೊಗಳಿಕೆಯಷ್ಟೇ ಇರುವುದಿಲ್ಲವೆಂಬುದು ಅವರಿಗೆ ತಿಳಿಯದ ವಿಷಯವೇನಲ್ಲ. 1942ರ ಫೆಬ್ರವರಿಯಲ್ಲಿ ಅವರು ಸಹಿ ಮಾಡಿದ ಆದೇಶದ ಫಲವಾಗಿ ಸುಮಾರು 1,20,000 ಜಪಾನಿ ಮೂಲದವರನ್ನು ಮನೆಮಠ ಬಿಡಿಸಿ ಶಿಬಿರಗಳಲ್ಲಿ ಕೂಡಿಹಾಕಲಾಯಿತು. ಅವರಲ್ಲಿ ಹೆಚ್ಚಿನವರು ಅಮೆರಿಕದ ಪ್ರಜೆಗಳೇ. ಆ ಆದೇಶಕ್ಕೆ 75 ವರ್ಷ ತುಂಬಿದ 2017ರಲ್ಲಿ, ಶಿಬಿರಗಳ ಛಾಯಾಚಿತ್ರಗಳ ಪ್ರದರ್ಶನವನ್ನು ಏರ್ಪಡಿಸಿದ್ದು ರೂಸ್ವೆಲ್ಟ್ ಹೆಸರಿನ ಇದೇ ಸಂಸ್ಥೆ.

ಇಲ್ಲಿ ನನಗೆ ಮುದ್ದೇನಹಳ್ಳಿ ನೆನಪಾಗದೆ ಇರಲಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರಿನಲ್ಲಿ ಅವರ ಮನೆ, ವಸ್ತುಸಂಗ್ರಹಾಲಯ, ಸಮಾಧಿ ಮೂರೂ ಇವೆ, ಅಚ್ಚುಕಟ್ಟಾಗಿಯೂ ಇವೆ. ಆದರೆ ನಾನು ಅಲ್ಲಿಂದ ಹೊತ್ತು ತಂದ ನೆನಪೆಲ್ಲ ಪದಕ, ಪ್ರಶಸ್ತಿ, ಬಿರುದುಗಳದು. 1912ರಿಂದ ಮೈಸೂರಿನ ದಿವಾನರಾಗಿದ್ದ ಅವರು 1918ರಲ್ಲಿ ಹುದ್ದೆ ತೊರೆದದ್ದರ ಹಿಂದೆ ಬ್ರಾಹ್ಮಣೇತರರಿಗೆ ಸರ್ಕಾರಿ ಉದ್ಯೋಗಗಳಲ್ಲಿ ಪಾಲು ನೀಡುವ ವಿಷಯದಲ್ಲಿ ಮಹಾರಾಜರೊಂದಿಗೆ ಉಂಟಾದ ಭಿನ್ನಾಭಿಪ್ರಾಯವಿತ್ತು. ಆ ಪಾಲಿನ ಪ್ರಶ್ನೆಯನ್ನು ಪರಿಶೀಲಿಸಲು ಮಹಾರಾಜರು ನೇಮಿಸಿದ್ದ ಮಿಲ್ಲರ್ ಸಮಿತಿಯ ಅಧ್ಯಾಯವನ್ನು ಬಿಟ್ಟರೆ ಆಧುನಿಕ ಕರ್ನಾಟಕದ ಚರಿತ್ರೆಯೇ ಅರ್ಧವಾಗುತ್ತದೆ. ಅದನ್ನು ದಿವಾನರ ಊರಿನಲ್ಲಿ, ಅವರ ಮಾತು ಮತ್ತು ಎದುರು ಪಕ್ಷದ ಮಾತು ಎರಡನ್ನೂ ಒಂದೇ ಗೋಡೆಯ ಮೇಲಿಟ್ಟು ತೋರಿಸಿದರೆ ಕೆಲವರಿಗೆ ಅಪಚಾರವೆನಿಸಬಹುದು. ಕಣ್ಣೆದುರಿಗಿನ ಭಾವಚಿತ್ರಕ್ಕೆ ಹಾರ ಹಾಕಿ ಕೈಮುಗಿದು ಬಂದವರಿಗೆ ಹಾಗೆನಿಸುವುದು ಸಹಜವೂ ಹೌದು.

ಹಾಗೆಂದು ಅಮೆರಿಕದವರದ್ದೆಲ್ಲ ಮೇಲು ಎಂಬ ತೀರ್ಮಾನಕ್ಕೆ ನಾನು ಬರುವುದಿಲ್ಲ. ಸ್ಪ್ರಿಂಗ್‌ವುಡ್‌ನಲ್ಲಿ ಮಾರ್ಗದರ್ಶಿಯ ಹಿಂದೆಯೇ ನಡೆಯಬೇಕು, ಕೋಣೆಗಳನ್ನು ಹಗ್ಗದ ಆಚೆಯಿಂದಲೇ ಇಣುಕಬೇಕು. ಆ ದೊಡ್ಡ ಸಂಸಾರವನ್ನು ನಡೆಸಿದ ಆಳುಕಾಳುಗಳ ಕೋಣೆಗಳು ನಾನು ಕಂಡ ಭಾಗದಲ್ಲಿ ಇರಲೇ ಇಲ್ಲ. ರೂಸ್ವೆಲ್ಟರ ತಾಯಿಯ ತವರಾದ ಡೆಲಾನೊ ಮನೆತನ ಚೀನಾದ ಅಫೀಮು ವ್ಯಾಪಾರದಿಂದಲೂ ಸಂಪತ್ತು ಗಳಿಸಿದ್ದೆಂಬ ಸಂಗತಿ ಆ ಪಿಂಗಾಣಿಯ ಮುಂದೆ ಇನ್ನಷ್ಟು ಗಟ್ಟಿಯಾಗಿ ಕೇಳಿಸಬೇಕಿತ್ತು. ಈ ಮಟ್ಟಿಗೆ ನಮ್ಮ ಕುಪ್ಪಳಿಯ ಕವಿಮನೆಯೇ ಉತ್ತಮ: ಅಡುಗೆಮನೆಯ ಪಾತ್ರೆಗಳು, ಬೇಸಾಯದ ಸಲಕರಣೆಗಳು ಕುವೆಂಪು ಅವರ ಜೊತೆಗೆ ಅವರನ್ನು ಬೆಳೆಸಿದ ಮಲೆನಾಡಿನ ತುಂಬು ಮನೆಯ ದುಡಿಮೆಯನ್ನೂ ಕಾಣಿಸುತ್ತವೆ.

ಚಿತ್ರದುರ್ಗದ ಎಸ್. ನಿಜಲಿಂಗಪ್ಪನವರ ಮನೆಯನ್ನು ಸ್ಮಾರಕವಾಗಿಸುವ ಮಾತು, ಅವರು 2000ದಲ್ಲಿ ತೀರಿಕೊಂಡು ಎರಡು ದಶಕ ಕಳೆದ ಮೇಲೂ ಎಳೆದಾಡುತ್ತಲೇ ಇತ್ತು. ಅಲ್ಲಿ ಅವರ ಕುರ್ಚಿ, ಕನ್ನಡಕ, ಖಾದಿ ಉಡುಪು ಖಂಡಿತ ಇರಲಿ. ಅವುಗಳ ಜೊತೆಗೆ 1969ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿ ಅವರು ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಉಚ್ಚಾಟಿಸಿದ ದಿನಗಳ ಪತ್ರವ್ಯವಹಾರವನ್ನು, ಎರಡೂ ಕಡೆಯದನ್ನೂ ಸೇರಿಸಿ, ಒಂದು ಕೋಣೆಯಲ್ಲಿ ಓದಲು ಸಿಗುವಂತೆ ಇಡಬೇಕು, ಕೂತು ಓದುವುದಕ್ಕೆ ಒಂದು ಮೇಜನ್ನೂ ಹಾಕಬೇಕು.