ಟಚಪ್‌ಗೆ ಇರ್ಲಿ ಬಿಡ್ರಿ

ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ. ಜಾತ್ರೆ ಅಂದ್ಮೇಲೆ ನೆಂಟರು, ನೆಂಟರು ಅಂದ್ಮೇಲೆ ಗೋಡೆಗೆ ಸುಣ್ಣಬಣ್ಣ. ಪೇಂಟರ್ ಪ್ರತಿ ಸಲ ಒಂದು ಡಬ್ಬಿ ಜಾಸ್ತೀನೇ ಬರೆಸುತ್ತಾನೆ. "ಇರ್ಲಿ ಬಿಡ್ರಿ, ಟಚಪ್‌ಗೆ ಬೇಕಾಗ್ತದೆ." ಆ ಟಚಪ್ ಮಾತ್ರ ಯಾವತ್ತೂ ಆಗುವುದಿಲ್ಲ. ಡಬ್ಬಿ ಅಟ್ಟ ಸೇರುತ್ತದೆ, ಮುಂದಿನ ಜಾತ್ರೆಗೆ ಅದಕ್ಕೊಂದು ಜೊತೆ ಸಿಗುತ್ತದೆ.

ಈ ಸಲ ಅಪ್ಪ ಹೇಳಿಬಿಟ್ಟರು: ಹೊಸ ಬಣ್ಣ ಹಾಲ್‌ಗೆ ಮಾತ್ರ, ಮೆಟ್ಟಿಲ ಕೋಣೆಗೆ ಅಟ್ಟದ ಮಾಲು.

ಡಬ್ಬಿಗಳೆಲ್ಲ ಅಂಗಳಕ್ಕಿಳಿದವು. ಸ್ಕ್ರೂಡ್ರೈವರ್ ತೂರಿಸಿ ಮೊದಲ ಮುಚ್ಚಳ ಮೀಟಿದರೆ ಕೊಳೆತ ಮೊಟ್ಟೆ ವಾಸನೆ. ನೀರಿನ ಬಣ್ಣಕ್ಕೆ, ಅಂದರೆ ಎಮಲ್ಷನ್‌ಗೆ, ಬ್ಯಾಕ್ಟೀರಿಯಾ ಸೇರಿದರೆ ಹೀಗೇ. ಚರಂಡಿಗೆ ಸುರಿಯುವ ಹಾಗಿಲ್ಲ, ಮರಳಿಗೆ ಕಲಸಿ ಒಣಗಲು ಬಿಟ್ಟೆವು.

ಆಮೇಲೆ ಅಪ್ಪ ಹಳೇ ನೀಲಿ ಎನಾಮೆಲ್ ಎತ್ತಿ ಎಮಲ್ಷನ್ ಬಕೆಟ್‌ಗೆ ಬಗ್ಗಿಸಲು ಹೋದರು. ಪೇಂಟರ್ ಓಡಿಬಂದು ಕೈ ಹಿಡಿದ. "ಯಜಮಾನ್ರೇ, ಅದು ಎಣ್ಣೆ ಬಣ್ಣ, ಇದು ನೀರಿಂದು. ಹಾಲಿಗೆ ಹುಳಿ ಹಿಂಡಿದಂಗೆ ಒಡೀತದೆ!" ಮೇಲಾಗಿ ಆ ಡಬ್ಬಿ 2017ಕ್ಕಿಂತ ಹಳೇದು. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ 90 ಪಾಲು, ಮೀರಬಾರದು ಅನ್ನುವ ನಿಯಮ ಜಾರಿಗೆ ಬಂದದ್ದೇ ಆ ವರ್ಷದ ನವೆಂಬರ್‌ನಲ್ಲಿ. ಇದರಲ್ಲಿ ಎಷ್ಟಿದೆಯೋ ದುಗ್ಗಮ್ಮನೇ ಬಲ್ಲಳು. ಸುಟ್ಟ ಸಿಎಫ್‌ಎಲ್ ಬಲ್ಬುಗಳ ಪಕ್ಕ ಇಟ್ಟೆವು. ಕಸದ ನಿಯಮಗಳ ಪ್ರಕಾರ ಎರಡೂ ಮನೆಯ ಅಪಾಯಕಾರಿ ಕಸವೇ, ಬೇರೆಯಾಗೇ ಕೊಡಬೇಕು.

ಉಳಿದದ್ದನ್ನು ಸೋಸಬೇಕಲ್ಲ. ತಳದಲ್ಲಿ ಗಂಟು, ಮೇಲೆ ಸಿಪ್ಪೆ. "ಒಂದು ಹಳೇ ಪಂಚೆ ಕೊಡೇ" ಅಂದರು ಅಪ್ಪ. ಬೆಳಗ್ಗೆಯಿಂದ ಅಂಗಳದ ಅವಸ್ಥೆ ನೋಡಿ ಮುಖ ಊದಿಸಿಕೊಂಡಿದ್ದ ಅಮ್ಮ ಒಳಗಿಂದ ಒಂದು ತಂದುಕೊಟ್ಟರು. ಗುಲಾಬಿ ಬಣ್ಣ ಅರ್ಧ ಇಳಿದ ಮೇಲೆ ಅಪ್ಪನಿಗೆ ಅಂಚು ಕಂಡಿತು. ಜಾತ್ರೆಗೆ ಅಂತಲೇ ತಂದಿದ್ದ ಜರಿ ಪಂಚೆ! "ಅಯ್ಯೋ, ನನಗೆ ಕನ್ನಡಕ ಇಲ್ದೆ ಕಾಣ್ಲೇ ಇಲ್ಲ ರೀ" ಅಂದರು ಅಮ್ಮ. ಕನ್ನಡಕ ಹಣೆ ಮೇಲೇ ಇತ್ತು.

ತಿಳಿ ಬಣ್ಣಗಳನ್ನಷ್ಟೇ ಸೇರಿಸಿದ್ದರೆ ನೋಡುವ ಹಾಗಾದರೂ ಇರುತ್ತಿತ್ತು. ಅಪ್ಪ ಪಿಸ್ತಾ, ಗುಲಾಬಿ, ಕೇಸರಿ, ನೇರಳೆ ಒಂದನ್ನೂ ಬಿಡಲಿಲ್ಲ. ಕೋಲು ತಿರುಗಿಸುವಾಗ ಮೊದಮೊದಲು ಬಣ್ಣ ಬಣ್ಣದ ಪಟ್ಟೆ ಸುತ್ತಿಕೊಂಡು ಎಷ್ಟು ಚೆಂದ ಕಂಡಿತು ಗೊತ್ತಾ! ಇನ್ನೆರಡು ಸುತ್ತಿಗೆ ಎಲ್ಲಾ ಕೆಸರು. "ಗ್ರೇ" ಅಂದರು ಅಪ್ಪ. ಕಾಂಪೌಂಡ್‌ಗೂ ಹೊಡೆಯುವ ಆಸೆ ಅವರಿಗಿತ್ತು. ಒಳಗೋಡೆಯ ಎಮಲ್ಷನ್ ಬಿಸಿಲು ಮಳೆಗೆ ತಡೆಯಲ್ಲ ಅಂತ ಪೇಂಟರ್ ಹೇಳಿ ಬೀದಿಯಲ್ಲಿ ನಮ್ಮ ಮಾನ ಉಳಿಸಿದ.

ಅಷ್ಟಕ್ಕೇ ಬಿಡದೆ, ಗೇಟಿಗೆ ತಂದು ಮಿಕ್ಕಿದ್ದ ಹಸಿರು ಎನಾಮೆಲ್ಲನ್ನು ಕೈಗೆ ಸಿಕ್ಕ ಕಬ್ಬಿಣಕ್ಕೆಲ್ಲ ಬಳಿದರು. ಎನಾಮೆಲ್ ಪೂರ್ತಿ ಒಣಗಲು ಒಂದು ರಾತ್ರಿಯಾದರೂ ಬೇಕು. ಹರಿಹರದ ಅತ್ತೆ ಜಾತ್ರೆಗೆ ಆ ಸಂಜೆಯೇ ಬಂದಿಳಿದರು.

ಮೆಟ್ಟಿಲ ಕೋಣೆಯನ್ನು ಮೇಲಿಂದ ಕೆಳಗೆ ನೋಡಿ, "ಪ್ರೈಮರ್ ಹೊಡ್ಸಿದ್ದು ಚಲೋ ಆತು ನೋಡಣ್ಣ. ಬಣ್ಣ ಯಾವಾಗ?" ಅಂದರು. ಅಪ್ಪ ಉತ್ತರ ಹುಡುಕುವಷ್ಟರಲ್ಲಿ ಅತ್ತೆ ಉಸ್ಸಪ್ಪಾ ಅಂತ ಅಲ್ಲಿದ್ದ ಸ್ಟೂಲ್ ಮೇಲೆ ಕೂತೇಬಿಟ್ಟರು. ಎದ್ದಾಗ ರೇಷ್ಮೆ ಸೀರೆಯ ಹಿಂದೆ ದುಂಡಗೆ ಹಸಿರು.

"ಇದು ಪ್ರೈಮರ್ ಅಲ್ಲಮ್ಮ, ಬಣ್ಣಾನೇ" ಅಂದರು ಅಪ್ಪ.