ಗಾಯ ಇಲ್ಲದವರು ಅರ್ಜಿ ಹಾಕಬೇಡಿ

ಜಪಾನಿನ ಮಾಂಗಾ, ಅಂದರೆ ಕಾಮಿಕ್ಸ್, ಪತ್ರಿಕೆಗಳಲ್ಲಿ ನಾಯಕನ ಹುದ್ದೆ ಖಾಲಿ ಇದೆ ಎಂದುಕೊಳ್ಳಿ. ಹುಡುಗರ ಪತ್ರಿಕೆಗಾದರೆ, ಅಂದರೆ ಶೋನೆನ್‌ಗೆ, ಹಸಿವು ಜಾಸ್ತಿ ಇರಬೇಕು, ಗಂಟಲು ಗಟ್ಟಿ ಇರಬೇಕು. ದೊಡ್ಡವರ ಸೇನೆನ್‌ಗಾದರೆ ಅನುಭವ ಕೇಳುತ್ತಾರೆ. ಅನುಭವ ಅಂದರೆ ಗಾಯ.

ಈ ಹುದ್ದೆಗೆ 'ಬರ್ಸರ್ಕ್'ನ ಗಟ್ಸ್‌ನಷ್ಟು ಅರ್ಹತೆ ಇರುವವನು ಇನ್ನೊಬ್ಬನಿಲ್ಲ. ಹುಟ್ಟಿದ್ದೇ ನೇಣಿಗೆ ಹಾಕಿದ ತಾಯಿಯ ಹೆಣದಿಂದ. ಒಂದು ಕಣ್ಣಿಲ್ಲ. ಎಡಗೈ ಅರ್ಧ ಇಲ್ಲ, ಅಲ್ಲಿ ಫಿರಂಗಿ ಅಡಗಿಸಿದ ಕಬ್ಬಿಣದ ಕೈ. 1989ರಿಂದ ಆಳೆತ್ತರದ ಕತ್ತಿ ಹೊತ್ತು ಅಲೆಯುತ್ತಿದ್ದಾನೆ. ಬರೆದ ಕೆಂಟಾರೋ ಮಿಯುರಾ 2021ರಲ್ಲಿ ತೀರಿಕೊಂಡರೂ ಇವನಿಗೆ ನಿವೃತ್ತಿ ಸಿಕ್ಕಿಲ್ಲ. (ಮಿಯುರಾ ಚಿತ್ರಗಳಿಗೆ ನಾನೂ ಕೈಮುಗಿಯುತ್ತೇನೆ. ನನ್ನ ತಕರಾರು, ಕಪ್ಪು ಕೋಟು ಹಾಕಿ ಮುಖ ಗಂಟಿಕ್ಕಿಕೊಂಡರೆ ಸಾಕು ಎಂದು ಸಾಲಾಗಿ ಬಂದವರ ಮೇಲೆ.)

'ಟೋಕಿಯೋ ಗೂಲ್'ನ ಕನೆಕಿ ಮೊದಲು ಪುಸ್ತಕ ಓದಿಕೊಂಡಿದ್ದ ಪಾಪದ ಹುಡುಗ. ಆಗ ಅವನನ್ನು ಯಾರೂ ಕೇಳಲಿಲ್ಲ. ಚಿತ್ರಹಿಂಸೆ ಆಗಿ ಕೂದಲು ಬೆಳ್ಳಗಾದ ಮೇಲೆ ನೋಡಿ, ಊರೆಲ್ಲಾ ಅವನದ್ದೇ ಪ್ರೊಫೈಲ್ ಫೋಟೋ.

'ಮಾನ್‌ಸ್ಟರ್'ನ ಡಾಕ್ಟರ್ ತೆನ್ಮಾಗೆ ಕಣ್ಣು, ಕೈ ಎಲ್ಲಾ ಇವೆ. ಡ್ಯೂಸೆಲ್‌ಡಾರ್ಫ್‌ನಲ್ಲಿ ಮೆದುಳಿನ ಸರ್ಜನ್. ಮೇಯರ್‌ನನ್ನು ಬಿಟ್ಟು, ಮೊದಲು ಬಂದಿದ್ದ ಹುಡುಗನಿಗೆ ಆಪರೇಷನ್ ಮಾಡಿದ. ಮೇಯರ್ ಸತ್ತ. ಬದುಕಿದ ಹುಡುಗ ಕೊಲೆಗಡುಕನಾದ. ಡಾಕ್ಟರ್ ಬಂದೂಕು ಹಿಡಿದು ಅವನ ಹಿಂದೆ ಹೊರಟ. ದಾರಿಯಲ್ಲೂ ರೋಗಿಗಳನ್ನು ನೋಡುತ್ತಾನೆ, ಪಾಪ. ಈ ಗುಂಪಿನಲ್ಲಿ ಕಸುಬು ಬಿಡದವನು ಇವನೊಬ್ಬನೇ ಇರಬೇಕು.

ಇಷ್ಟಕ್ಕೂ ದೊಡ್ಡವರ ಕಥೆ ಯಾವುದು ಅಂತ ತೀರ್ಮಾನಿಸುವುದು ಕಥೆಯಲ್ಲ, ಅದು ಅಚ್ಚಾಗುವ ಪತ್ರಿಕೆ. ಹೆಸರು ಬರೆದೇ ರಾಶಿ ರಾಶಿ ಜನರನ್ನು ಕೊಲ್ಲುವ ಹುಡುಗನ 'ಡೆತ್ ನೋಟ್' ಬಂದದ್ದು ಹುಡುಗರ ವಾರಪತ್ರಿಕೆಯಲ್ಲಿ. 'ನೀನೇ ಮೊದಲು ಪ್ರೀತಿ ಹೇಳು' ಎಂದು ಇಬ್ಬರು ಹೈಸ್ಕೂಲ್ ಮಕ್ಕಳು ಹಟ ಹಿಡಿದು ಕೂರುವ 'ಕಗುಯಾ-ಸಾಮಾ' ಬಂದದ್ದು ದೊಡ್ಡವರ ಪತ್ರಿಕೆಯಲ್ಲಿ. ಮಕ್ಕಳಿಗೆ ಕೊಲೆ, ಅಪ್ಪಂದಿರಿಗೆ ನಾಚಿಕೆ. ಸರಿಯಾಗಿದೆ ಅಲ್ವಾ?

'ವಿನ್‌ಲ್ಯಾಂಡ್ ಸಾಗಾ'ದ ವೈಕಿಂಗ್ ಹುಡುಗ ತೋರ್‌ಫಿನ್‌ದು ಇನ್ನೂ ಸುಲಭ. 2005ರಲ್ಲಿ ಹುಡುಗರ ವಾರಪತ್ರಿಕೆಯಲ್ಲಿ ಶುರುವಾದ ಕಥೆ ಅದೇ ವರ್ಷ ದೊಡ್ಡವರ ಮಾಸಪತ್ರಿಕೆಗೆ ಹೋಯಿತು. ಹುಡುಗ ಸುಮ್ನೆ ನಿಂತಲ್ಲೇ ನಿಂತು ವಯಸ್ಕನಾದ! ಆಮೇಲೆ ಅಪ್ಪನನ್ನು ಕೊಂದವನ ಬೆನ್ನು ಹತ್ತಿ ವರ್ಷಗಟ್ಟಲೆ ಕತ್ತಿ ಬೀಸಿದ. ನೋಡುವವರಿಗೆ ಹಬ್ಬ. 'ಎಷ್ಟು ಪ್ರೌಢ ಕಥೆ!' ಎಂದರು.

ಕಡೆಗೆ ಅವನು ಗುಲಾಮನಾಗಿ ಒಬ್ಬರ ಹೊಲ ಸೇರಿದ. ಮರ ಕಡಿದ, ಬೇರು ಕಿತ್ತ, ಗೋಧಿ ಬಿತ್ತಿದ. ಕೊಂದವರ ಮುಖಗಳು ಕನಸಿನಲ್ಲಿ ಬಂದವು. ಇನ್ನು ಯಾರ ಮೇಲೂ ಕೈ ಎತ್ತಲಾರೆ ಎಂದು ನಿರ್ಧರಿಸಿದ. ಹುಡುಗ ಕೊನೆಗೂ ದೊಡ್ಡವನಾದ. 2023ರಲ್ಲಿ ಅನಿಮೆಯಲ್ಲಿ, ಅಂದರೆ ಕಾರ್ಟೂನ್ ಸರಣಿಯಲ್ಲಿ, ಈ ಭಾಗ ಬಂದಾಗ ಪ್ರಬುದ್ಧ ಪ್ರೇಕ್ಷಕರ ಪೈಕಿ ಎಷ್ಟೋ ಜನರದು ಒಂದೇ ಗೋಳು: 'ಏನ್ರೀ ಇದು, ಬರೀ ಬೇಸಾಯ! ಹೊಡೆದಾಟ ಯಾವಾಗ?'